ಸೀಸೆಯೋ ಪೆನ್ನೋ, ಫ್ರಿಜ್ಜೋ ಗಡಿಗೆಯೋ: ಬಿಸಿಲೂರಿನ ಇನ್ಸುಲಿನ್ ಮನೆಗಳಿಗೆ

ಮೂರು ವರ್ಷದ ಹಿಂದಿನ ಮಾತು. ಒಂದು ಬೆಳಿಗ್ಗೆ ಕಸದ ಗಾಡಿಯ ಅಕ್ಕ ನಮ್ಮ ಬುಟ್ಟಿಗೆ ಕೈ ಹಾಕಿದವರು ಚಟ್ಟನೆ ಹಿಂದೆ ಎಳೆದುಕೊಂಡರು. ಬೆರಳ ತುದಿಯಲ್ಲಿ ರಕ್ತ. ಚುಚ್ಚಿದ್ದು ನಮ್ಮ ಅವ್ವ ಶುಗರ್ ಕಾಯಿಲೆಗೆ ಹಾಕಿಕೊಳ್ಳುವ ಇನ್ಸುಲಿನ್ ಪೆನ್ನಿನ ಸೂಜಿ. ಹಾಲಿನ ಪಾಕೀಟಿನಲ್ಲಿ ಸುತ್ತಿ ಹಾಕಿದ್ದೆವು, ಅಷ್ಟು ಸಾಕು ಅಂದುಕೊಂಡಿದ್ದೆವು. ಆ ಅಕ್ಕ ನಳದ ನೀರಿನಲ್ಲಿ ಬೆರಳು ತೊಳೆದುಕೊಂಡು ಮುಂದಿನ ಮನೆಗೆ ಹೋಗಿಬಿಟ್ಟರು. ನಾವೂ ಹೋಗಲು ಬಿಟ್ಟೆವು. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಅವತ್ತು ಮಾಡಬೇಕಾಗಿದ್ದು ಇಷ್ಟು. ಚುಚ್ಚಿದ ಜಾಗವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಹಿಂಡಬಾರದು, ಬಾಯಿಂದ ಹೀರಬಾರದು. ಆಮೇಲೆ ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಎಚ್‌ಐವಿ ತಡೆಯುವ ಮಾತ್ರೆ ಬೇಕು ಎಂದು ವೈದ್ಯರು ಹೇಳಿದರೆ ಅದನ್ನು ಎರಡು ತಾಸಿನೊಳಗೆ ಶುರು ಮಾಡುವುದು ಒಳ್ಳೆಯದು, 72 ತಾಸು ದಾಟಿದರೆ ಪ್ರಯೋಜನವಿಲ್ಲ. ಲಿವರ್ ಕೆಡಿಸುವ ಹೆಪಟೈಟಿಸ್ ಬಿ ವೈರಸ್ಸಂತೂ ದೇಹದ ಹೊರಗೆ ಒಣಗಿದ ರಕ್ತದಲ್ಲೂ ಒಂದು ವಾರ ಬದುಕಿರಬಲ್ಲದು. ಅದಕ್ಕೆ ಲಸಿಕೆ ಇದೆ. 'ನಮ್ಮ ಅವ್ವನಿಗೆ ಅಂಥ ರೋಗ ಏನಿಲ್ಲ' ಎಂದು ನಮಗೆ ಗೊತ್ತು. ಚುಚ್ಚಿಸಿಕೊಂಡವರಿಗೆ ಹೇಗೆ ಗೊತ್ತಾಗಬೇಕು?

ಅಲ್ಲಿಂದ ನಾನು ಇನ್ಸುಲಿನ್ ಸಾಮಾನು ಕೊಳ್ಳುವಾಗ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ಅವ್ವನಿಗೆ ಹೊಂದುತ್ತದೆಯೇ? ಬಳಸಿದ ಮೇಲೆ ಇದು ಯಾರ ಕೈಗೆ ಹೋಗುತ್ತದೆ? ಯಾವ ಇನ್ಸುಲಿನ್, ಎಷ್ಟು ಯೂನಿಟ್ ಅನ್ನುವುದು ವೈದ್ಯರದೇ ಮಾತು, ಅದರಲ್ಲಿ ಕೈ ಹಾಕಬೇಡಿ. ಆದರೆ ಅದನ್ನು ಯಾವುದರಲ್ಲಿ ತೆಗೆದುಕೊಳ್ಳಬೇಕು, ಎಲ್ಲಿ ಇಡಬೇಕು, ಹೇಗೆ ಬಿಸಾಡಬೇಕು ಎಂಬ ಮೂರು ವಿಷಯದಲ್ಲಿ ಮನೆಯವರು ಆರಿಸುವುದು ಬಹಳ ಇದೆ.

ಸೀಸೆ ಮತ್ತು ಸಿರಿಂಜ್, ಇಲ್ಲವೇ ಪೆನ್

ಅಂಗಡಿಯಲ್ಲಿ ಮೂರು ಬಗೆ ಸಿಗುತ್ತವೆ. ಒಂದು, 10 ಎಂಎಲ್ ಸೀಸೆ ಮತ್ತು ಸಿರಿಂಜ್. ಎರಡು, ಕಾರ್ಟ್ರಿಡ್ಜ್ (ಇನ್ಸುಲಿನ್ ತುಂಬಿದ ಗಾಜಿನ ಕೊಳವೆ) ಬದಲಿಸುತ್ತಾ ವರ್ಷಗಟ್ಟಲೆ ಬಳಸುವ ಪೆನ್. ಮೂರು, ಇನ್ಸುಲಿನ್ ತುಂಬಿಯೇ ಬರುವ, ಖಾಲಿಯಾದರೆ ಎಸೆಯುವ ಪೆನ್.

ಅಗ್ಗದ್ದು ಸೀಸೆ, ಅದರಲ್ಲಿ ಎರಡು ಮಾತಿಲ್ಲ. ಮಾನವ ಇನ್ಸುಲಿನ್ (ನಮ್ಮ ಮೈಯಲ್ಲಿ ಹುಟ್ಟುವಂಥದ್ದನ್ನೇ ಕಾರ್ಖಾನೆಯಲ್ಲಿ ತಯಾರಿಸಿದ್ದು) ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ, ಅದರ ಬೆಲೆಗೆ ಸರ್ಕಾರದ ಮಿತಿ ಇದೆ. ಕೂಲಿ ಮಾಡುವ ಮನೆಯಲ್ಲಿ ಪ್ರತಿ ತಿಂಗಳು ತಪ್ಪದೆ ಕೊಳ್ಳಲು ಆಗುವುದು ಅದೊಂದೇ ಆಗಿದ್ದರೆ ಅದೇ ಸರಿಯಾದ ಆಯ್ಕೆ. ಪೆನ್ ತೆಗೆದುಕೊಂಡು ತಿಂಗಳ ಕೊನೆಗೆ ದುಡ್ಡಿಲ್ಲದೆ ಎರಡು ದಿನ ಬಿಡುವುದಕ್ಕಿಂತ ಸೀಸೆ ಸಾವಿರ ಪಾಲು ಮೇಲು.

ಆದರೆ ಸೀಸೆಯಲ್ಲಿ ಒಂದು ಅಪಾಯ ಇದೆ. ನಮ್ಮಲ್ಲಿ ಹೆಚ್ಚಾಗಿ ಸಿಗುವ ಸೀಸೆ ಯು-40, ಅಂದರೆ ಒಂದು ಎಂಎಲ್‌ಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಯು-100 ಸೀಸೆಗಳೂ ಬರುತ್ತವೆ, ಅವಕ್ಕೆ ಕಿತ್ತಳೆ ಬಣ್ಣದ ಮುಚ್ಚಳದ ಸಿರಿಂಜ್. ಇವು ಅದಲುಬದಲಾದರೆ ಏನಾಗುತ್ತದೆ ನೋಡಿ. ಯು-100 ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ಶುಗರ್ ಇಳಿದು ಪ್ರಾಣಕ್ಕೇ ಬರಬಹುದು. ಉಲ್ಟಾ ಆದರೆ 20ರ ಬದಲು ಹೋಗುವುದು ಬರೀ 8. ಪೆನ್ ಕೆಟ್ಟಿತು ಎಂದು ಕಾರ್ಟ್ರಿಡ್ಜಿನಿಂದ ಸಿರಿಂಜಿಗೆ ಎಳೆಯುವವರಿದ್ದಾರೆ. ದಯವಿಟ್ಟು ಬೇಡ. ಕಾರ್ಟ್ರಿಡ್ಜುಗಳೆಲ್ಲ ಯು-100, ಮನೆಯಲ್ಲಿರುವ ಸಿರಿಂಜ್ ಬಹುತೇಕ ಯು-40 ಆಗಿರುತ್ತದೆ.

ಕಣ್ಣು ಮಂಜಾದವರಿಗೆ, ಕೈ ನಡುಗುವವರಿಗೆ ಪೆನ್ನೇ ಸುಲಭ. ತಿರುಗಿಸಿದಾಗ ಟಿಕ್ ಟಿಕ್ ಎನ್ನುತ್ತದೆ, ಅಂಕಿ ದೊಡ್ಡದಾಗಿ ಕಾಣುತ್ತದೆ. ಸೂಜಿ ಕೂಡ ಚಿಕ್ಕದು. 4 ಮಿಲಿಮೀಟರಿನ ಪೆನ್ ಸೂಜಿ ದಪ್ಪ ಮೈಯವರಿಗೂ ತೆಳ್ಳಗಿರುವವರಿಗೂ ಸಾಕಾಗುತ್ತದೆ. 8 ಮಿಲಿಮೀಟರಿನದು ಕೊಟ್ಟರೆ, ಚಿಕ್ಕದು ಇದೆಯಾ ಎಂದು ಕೇಳಿ.

ಈಗ ಕಸದ ಲೆಕ್ಕಕ್ಕೆ ಬರೋಣ. ಇದನ್ನು ನಾನು ಅವ್ವನ ಪ್ರಮಾಣ ಇಟ್ಟುಕೊಂಡು ಕೂಡಿಸಿದ್ದೇನೆ. ದಿನಕ್ಕೆ ಎರಡು ಸಲ, ಒಟ್ಟು 30 ಯೂನಿಟ್. ಯು-40 ಸೀಸೆಯಲ್ಲಿ 400 ಯೂನಿಟ್ ಇರುತ್ತದೆ, ವರ್ಷಕ್ಕೆ 28 ಸೀಸೆ ಬೇಕು. ಜೊತೆಗೆ 730 ಸಿರಿಂಜ್. ಪೆನ್ನಿನಲ್ಲಿ ಪ್ರತಿ ಸಲ ಚುಚ್ಚುವ ಮೊದಲು ಗಾಳಿ ಹೋಗಲಿ ಎಂದು 2 ಯೂನಿಟ್ ಹೊರಗೆ ಬಿಡಬೇಕು, ಹಾಗಾಗಿ ದಿನಕ್ಕೆ 34 ಖರ್ಚು. ಒಂದು ಕಾರ್ಟ್ರಿಡ್ಜಿನಲ್ಲಿ 300 ಯೂನಿಟ್. ವರ್ಷಕ್ಕೆ 42 ಬೇಕು. ಸೂಜಿ ಅಷ್ಟೇ 730. ಎಸೆಯುವ ಪೆನ್ ಆದರೆ 42 ಇಡೀ ಪೆನ್ನುಗಳು ಕಸಕ್ಕೆ. ಕಾರ್ಟ್ರಿಡ್ಜ್ ಬದಲಿಸುವ ಪೆನ್ ಆದರೆ ಬೆರಳಿನಷ್ಟು ಉದ್ದದ 42 ಗಾಜಿನ ಕೊಳವೆಗಳು ಮಾತ್ರ. ಅದೇ ಇನ್ಸುಲಿನ್ ಎರಡೂ ಬಗೆಯಲ್ಲಿ ಸಿಗುವುದಾದರೆ ಕಾರ್ಟ್ರಿಡ್ಜ್ ಪೆನ್ ಆರಿಸಿ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಸಿರಿಂಜಿನಲ್ಲಿ ಸೂಜಿಯ ಜೊತೆ ಇಡೀ ಪ್ಲಾಸ್ಟಿಕ್ ಕೊಳವೆ ಹೋಗುತ್ತದೆ. ಇನ್ಸುಲಿನ್ ಸಿರಿಂಜಿನ ಸೂಜಿ ಅದಕ್ಕೆ ಅಂಟಿಯೇ ಇರುವುದರಿಂದ ಡಬ್ಬಿ ಬೇಗ ತುಂಬುತ್ತದೆ.

ಕಡಿಮೆ ಪ್ರಮಾಣದವರಿಗೆ ಲೆಕ್ಕ ತಿರುಗುತ್ತದೆ. ರಾತ್ರಿ ಬರೀ 10 ಯೂನಿಟ್ ತೆಗೆದುಕೊಳ್ಳುವವರಿಗೆ ಒಂದು ಸೀಸೆ 40 ದಿನ ಬರಬೇಕು. ಆದರೆ ಬಹಳಷ್ಟು ಇನ್ಸುಲಿನ್ನುಗಳನ್ನು ತೆರೆದ 28 ದಿನಕ್ಕೆ ನಿಲ್ಲಿಸಬೇಕು (ಕೆಲವಕ್ಕೆ ಇನ್ನೂ ಹೆಚ್ಚು ದಿನ ಇದೆ, ಪೆಟ್ಟಿಗೆಯೊಳಗಿನ ಚೀಟಿ ನೋಡಿ). ಅಂದರೆ 120 ಯೂನಿಟ್ ಚೆಲ್ಲಬೇಕು. ಪೆನ್ನಿನಲ್ಲಾದರೆ ಗಾಳಿಗೆ ಬಿಡುವ 2 ಸೇರಿ ದಿನಕ್ಕೆ 12, ಕಾರ್ಟ್ರಿಡ್ಜ್ 25 ದಿನಕ್ಕೆ ಮುಗಿಯುತ್ತದೆ, ಏನೂ ಉಳಿಯುವುದಿಲ್ಲ. ಹೊಸದು ತೆರೆದ ದಿನವೇ ಅದರ ಮೇಲೆ ತಾರೀಕು ಬರೆಯುವುದು ಮರೆಯಬೇಡಿ. ನಾವು ಸಣ್ಣ ಬ್ಯಾಂಡೇಜ್ ಪಟ್ಟಿ ಅಂಟಿಸಿ ಅದರ ಮೇಲೆ ಬರೆಯುತ್ತೇವೆ.

ಒಂದೇ ಸೂಜಿ ಎಷ್ಟು ಸಲ?

ಸರಿಯಾದ ಉತ್ತರ, ಒಂದೇ ಸಲ. ಆದರೆ ನಮ್ಮ ಕಡೆ ಒಂದು ಸೂಜಿಯನ್ನು ನಾಲ್ಕೈದು ದಿನ ಎಳೆಯುವವರು ಎಷ್ಟು ಜನ ಇದ್ದಾರೆ ಎಂದು ನನಗೆ ಗೊತ್ತು. ದುಡ್ಡಿನ ಕಷ್ಟ ನಿಜ. ಅವರನ್ನು ಬೈಯುವ ಮನಸ್ಸು ನನಗಿಲ್ಲ.

ಆದರೂ ಇಷ್ಟು ತಿಳಿದಿರಲಿ. ಬಳಸಿದ ಸೂಜಿಯ ತುದಿ ಮೊಂಡಾಗುತ್ತದೆ. ಒಂದೇ ಜಾಗದಲ್ಲಿ ಮೊಂಡು ಸೂಜಿ ಚುಚ್ಚುತ್ತಾ ಹೋದರೆ ಚರ್ಮದ ಕೆಳಗೆ ಗಡ್ಡೆ ಕಟ್ಟುತ್ತದೆ, ಅಲ್ಲಿ ಹಾಕಿದ ಇನ್ಸುಲಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಆಗ ಶುಗರ್ ಏರುತ್ತದೆ, ಪ್ರಮಾಣ ಜಾಸ್ತಿ ಮಾಡುತ್ತಾರೆ, ಖರ್ಚು ಇನ್ನೂ ಏರುತ್ತದೆ. ಅವ್ವನ ಹೊಟ್ಟೆಯ ಎಡಗಡೆ ಅಂಥದ್ದೊಂದು ಗಡ್ಡೆ ಇತ್ತು. ಆ ಜಾಗ ಬಿಟ್ಟು ಬೇರೆ ಕಡೆ ಹಾಕಲು ಶುರು ಮಾಡಿದಾಗ ವೈದ್ಯರೇ ಪ್ರಮಾಣ ಇಳಿಸಿದರು. ಸೂಜಿಯನ್ನು ಪೆನ್ನಿಗೆ ಹಾಗೇ ಬಿಟ್ಟರೆ ಕಾರ್ಟ್ರಿಡ್ಜಿನೊಳಗೆ ಗಾಳಿ ಸೇರುತ್ತದೆ, ಇನ್ಸುಲಿನ್ ಸೋರುತ್ತದೆ, ಹಾಕುವ ಪ್ರಮಾಣ ತಪ್ಪುತ್ತದೆ. ಸ್ಪಿರಿಟ್ಟಿನಲ್ಲಿ ಒರೆಸುವುದೂ ಬೇಡ, ಸೂಜಿಯ ಮೇಲಿನ ನುಣುಪು ಲೇಪ ಹೋಗಿ ನೋವು ಹೆಚ್ಚುತ್ತದೆ. ಪ್ರತಿ ಸಲ ಹೊಸದು ಕೊಳ್ಳಲು ಆಗುತ್ತಿಲ್ಲ ಎಂದರೆ ಅದನ್ನು ವೈದ್ಯರ ಹತ್ತಿರ ಮುಚ್ಚಿಡದೆ ಹೇಳಿ, ಅಗ್ಗದ ದಾರಿ ಅವರೇ ತೋರಿಸಬಹುದು.

ಇಡುವ ಜಾಗ: ಇದು ನಮ್ಮ ಜಿಲ್ಲೆಗಳ ದೊಡ್ಡ ಪ್ರಶ್ನೆ

ಚೀಟಿಯಲ್ಲಿ ಹೀಗೆ ಬರೆದಿರುತ್ತದೆ: ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ, ತೆರೆದದ್ದು ಕೋಣೆಯ ತಾಪದಲ್ಲಿ. ಕೋಣೆಯ ತಾಪ ಎಂದರೆ 25ರಿಂದ 30 ಡಿಗ್ರಿ ಒಳಗೆ. ರಾಯಚೂರು, ಬಳ್ಳಾರಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ದಾಟುತ್ತದೆ. ತಗಡಿನ ಮನೆಯೊಳಗೆ ಮಧ್ಯಾಹ್ನ ಕುಳಿತವರಿಗೆ 'ಕೋಣೆಯ ತಾಪ' ಎಂಬ ಮಾತು ಏನು ಹೇಳುತ್ತದೆ? ಹಾಗಾಗಿ ಬೇಸಿಗೆಯಲ್ಲಿ ನಮ್ಮವರು ತೆರೆದದ್ದನ್ನೂ ತಂಪಾಗಿಯೇ ಇಡಬೇಕು.

ಫ್ರಿಜ್ ಇದ್ದರೆ ಅದೇ ಮೊದಲ ಆಯ್ಕೆ. ಆದರೆ ಒಂದು ಬಾಗಿಲಿನ ಫ್ರಿಜ್ಜಿನಲ್ಲಿ ಐಸ್ ಪೆಟ್ಟಿಗೆಯ ಕೆಳಗಿನ ತಟ್ಟೆಯಲ್ಲಿ ಇಡಬೇಡಿ, ಹಿಂದಿನ ಗೋಡೆಗೂ ತಾಗಿಸಬೇಡಿ. ಅಲ್ಲಿ ಹೆಪ್ಪುಗಟ್ಟುತ್ತದೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಮೊದಲಿನಂತೆ ಇದ್ದರೂ ಬಳಸಬಾರದು. ನಾವು ಬಾಗಿಲಿನ ಕಪಾಟಿನಲ್ಲಿ, ಮುಚ್ಚಳದ ಡಬ್ಬಿಯಲ್ಲಿ ಇಡುತ್ತೇವೆ. ಕರೆಂಟ್ ಹೋದಾಗ ಬಾಗಿಲು ತೆರೆಯದಿದ್ದರೆ ಕೆಲವು ತಾಸು ಏನೂ ಆಗುವುದಿಲ್ಲ. ಹಾಕಿಕೊಳ್ಳುವ ಅರ್ಧ ತಾಸು ಮೊದಲು ಹೊರಗೆ ತೆಗೆದಿಡಿ, ತಣ್ಣಗಿನ ಇನ್ಸುಲಿನ್ ಚುರುಗುಟ್ಟುತ್ತದೆ.

ಫ್ರಿಜ್ ಇಲ್ಲದವರಿಗೆ ಮಣ್ಣಿನ ಗಡಿಗೆ ಇದೆ. ಇದು ಬಡವರ ಸಮಾಧಾನದ ಮಾತಲ್ಲ, ಕೆಲಸ ಮಾಡುವ ದಾರಿ. ದೊಡ್ಡ ಗಡಿಗೆಯಲ್ಲಿ ಮರಳು ಹಾಕಿ ನೀರು ಚಿಮುಕಿಸಿ. ಅದರೊಳಗೆ ಚಿಕ್ಕ ಗಡಿಗೆ ಕೂರಿಸಿ. ಚಿಕ್ಕದರೊಳಗೆ, ನೀರು ತಾಗದಂತೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇನ್ಸುಲಿನ್. ಮೇಲೆ ಒದ್ದೆ ಬಟ್ಟೆ. ನೆರಳಲ್ಲಿ, ಗಾಳಿ ಆಡುವ ಕಡೆ ಇಡಿ, ಬೆಳಿಗ್ಗೆ ಸಂಜೆ ಮರಳು ನೆನೆಸಿ. ಬಣ್ಣ ಬಳಿದ ಗಡಿಗೆ ಬೇಡ, ಅದರ ರಂಧ್ರ ಮುಚ್ಚಿರುತ್ತವೆ. ನೀರು ಆರುವಾಗ ತಂಪು ಹುಟ್ಟುತ್ತದೆ. ಗಾಳಿ ಒಣಗಿದಷ್ಟೂ ನೀರು ಬೇಗ ಆರುತ್ತದೆ. ನಮ್ಮ ಬೇಸಿಗೆಯ ಗಾಳಿ ಒಣ ಗಾಳಿ. ಕರಾವಳಿಯವರಿಗೆ ಇಷ್ಟು ಚೆನ್ನಾಗಿ ನಡೆಯದ ಉಪಾಯ ನಮಗೆ ಚೆನ್ನಾಗಿ ನಡೆಯುತ್ತದೆ. ಮಳೆಗಾಲದಲ್ಲಿ ಗಡಿಗೆಯ ತಂಪು ಕಡಿಮೆ, ಆದರೆ ಆಗ ಬಿಸಿಲೂ ಕಡಿಮೆ. ಗಡಿಗೆ ಫ್ರಿಜ್ಜಿನಷ್ಟು ತಣ್ಣಗೆ ಮಾಡುವುದಿಲ್ಲ. ಆದ್ದರಿಂದ ಮೂರು ತಿಂಗಳದ್ದು ಒಟ್ಟಿಗೆ ತಂದಿಡಬೇಡಿ, ತಿಂಗಳಿಗೆ ಬೇಕಾದಷ್ಟೇ ತನ್ನಿ.

ಉತ್ತರ ಕೆನ್ಯಾದ ದಾಗಹಲೆ ನಿರಾಶ್ರಿತರ ಶಿಬಿರದಲ್ಲಿ ಮನೆಗಳ ತಾಪ ಅಳೆದು, ಅದೇ ಏರಿಳಿತದಲ್ಲಿ ಇನ್ಸುಲಿನ್ ಇಟ್ಟು ಜಿನೀವಾ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿದ್ದರು. 2021ರಲ್ಲಿ ಅದು ಪ್ರಕಟವಾಯಿತು. 25ರಿಂದ 37 ಡಿಗ್ರಿ ನಡುವೆ ನಾಲ್ಕು ವಾರ ಇಟ್ಟ ಇನ್ಸುಲಿನ್ನಿಗೂ ಫ್ರಿಜ್ಜಿನದಕ್ಕೂ ಶಕ್ತಿಯಲ್ಲಿ ಹೇಳುವಂಥ ವ್ಯತ್ಯಾಸ ಇರಲಿಲ್ಲ. ಧೈರ್ಯ ಕೊಡುವ ಸುದ್ದಿ. ಆದರೆ 37 ಅಲ್ಲಿನ ಮಿತಿ, ನಮ್ಮ ಮೇ ತಿಂಗಳದ್ದಲ್ಲ. ಒಂದು ಸಣ್ಣ ಥರ್ಮಾಮೀಟರ್ ಕೊಂಡು ಗಡಿಗೆಯೊಳಗೆ ಒಂದು ಮಧ್ಯಾಹ್ನ ಇಟ್ಟು ನೋಡಿದರೆ ನಿಮ್ಮ ಮನೆಯ ಲೆಕ್ಕ ನಿಮಗೇ ಸಿಗುತ್ತದೆ.

ಪ್ರಯಾಣಕ್ಕೆ ನೀರು ಹೀರುವ ಹರಳು ತುಂಬಿದ, ನೀರಲ್ಲಿ ಅದ್ದಿ ತೆಗೆಯುವ ಚೀಲ ಸಿಗುತ್ತದೆ. ಅದೂ ಗಡಿಗೆಯ ತತ್ವವೇ, ಐಸ್ ಬೇಡ. ಕೊಪ್ಪಳದ ಗವಿಮಠದ ಜಾತ್ರೆಗೆ ನಾವು ಒಯ್ಯುವುದು ಅದನ್ನೇ. ಥರ್ಮಾಸಿನಲ್ಲಿ ಐಸ್ ಹಾಕಿ ಒಯ್ಯುವುದಾದರೆ ಇನ್ಸುಲಿನ್ ಐಸಿಗೆ ತಾಗದಂತೆ ಬಟ್ಟೆ ಸುತ್ತಿ. ನಿಲ್ಲಿಸಿದ ಕಾರಿನಲ್ಲಿ, ಬೈಕಿನ ಡಿಕ್ಕಿಯಲ್ಲಿ ಮಾತ್ರ ಐದು ನಿಮಿಷವೂ ಬಿಡಬೇಡಿ.

ತಿಳಿಯಾಗಿರಬೇಕಾದ ಇನ್ಸುಲಿನ್ ಮಬ್ಬಾದರೆ, ಬೆಳ್ಳಗಿರುವ ಬಗೆಯದು ಉರುಳಿಸಿ ಕಲಸಿದರೂ ಗಂಟುಗಂಟಾಗಿ ಉಳಿದರೆ ಬಿಟ್ಟುಬಿಡಿ. ಬಿಸಿಲಿಗೆ ಕೆಟ್ಟದ್ದು ಕಣ್ಣಿಗೆ ಯಾವಾಗಲೂ ಕಾಣುವುದಿಲ್ಲ. ಊಟ, ಪ್ರಮಾಣ ಏನೂ ಬದಲಾಗದೆ ಶುಗರ್ ಏರುತ್ತಿದ್ದರೆ ಹೊಸ ಕಾರ್ಟ್ರಿಡ್ಜ್ ತೆರೆಯಿರಿ, ವೈದ್ಯರಿಗೂ ತಿಳಿಸಿ.

ಬಳಸಿದ ಸೂಜಿಗೆ ಯಾವ ಡಬ್ಬಿ

ಪೇಪರಿನಲ್ಲಿ ಸುತ್ತುವುದು, ಪಾಕೀಟಿನಲ್ಲಿ ಕಟ್ಟುವುದು ಯಾವುದೂ ಲೆಕ್ಕಕ್ಕಿಲ್ಲ, ನಮ್ಮ ಮನೆಯ ಕಥೆಯೇ ಸಾಕ್ಷಿ. ನೀರಿನ ಬಾಟಲಿ ತೆಳು, ಕಾಲಲ್ಲಿ ಒತ್ತಿದರೆ ಸೂಜಿ ಹೊರಬರುತ್ತದೆ. ಜೊತೆಗೆ ಗುಜರಿ ಆಯುವವರು ಮೊದಲು ಎತ್ತಿಕೊಳ್ಳುವುದೇ ಅದನ್ನು. ಗಾಜಿನ ಬಾಟಲಿ ಒಡೆಯುತ್ತದೆ. ರೈತರ ಮನೆಯಲ್ಲಿ ಕ್ರಿಮಿನಾಶಕದ ಗಟ್ಟಿ ಡಬ್ಬಿ ಬೇಕಾದಷ್ಟು ಬಿದ್ದಿರುತ್ತವೆ, ಅದನ್ನಂತೂ ಮನೆಯೊಳಗೆ ತರಲೇಬೇಡಿ.

ಒಳ್ಳೆಯದು ಬಟ್ಟೆ ತೊಳೆಯುವ ಲಿಕ್ವಿಡ್ಡಿನ, ಪಾಯಿಖಾನೆ ತೊಳೆಯುವ ಲಿಕ್ವಿಡ್ಡಿನ ದಪ್ಪ ಪ್ಲಾಸ್ಟಿಕ್ ಬಾಟಲಿ. ತಿರುಪಿನ ಮುಚ್ಚಳ ಇರಬೇಕು, ಬಾಯಿ ಸೂಜಿ ಹೋಗುವಷ್ಟು ಇರಬೇಕು. ತೊಳೆದು ಒಣಗಿಸಿ. ಪೆನ್ ಸೂಜಿಯಾದರೆ ಹೊರಗಿನ ದೊಡ್ಡ ಟೋಪಿಯನ್ನು ಹಾಕಿ ತಿರುಗಿಸಿ ಬಿಚ್ಚಿ, ನೇರ ಬಾಟಲಿಗೆ. ಸಿರಿಂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಬೇಡಿ, ಹಾಗೇ ಬಾಟಲಿಗೆ ಹಾಕಿ. ಕೈಗೆ ಚುಚ್ಚಿಕೊಳ್ಳುವುದು ಹೆಚ್ಚಾಗಿ ಆಗಲೇ. ಮುಕ್ಕಾಲು ತುಂಬಿದರೆ ಸಾಕು, ಮುಚ್ಚಳ ಬಿಗಿದು ಸುತ್ತ ಟೇಪ್ ಹಾಕಿ. 'ಸೂಜಿ ಇದೆ, ತೆರೆಯಬೇಡಿ' ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಓದಲು ಬಾರದವರ ಕೈಗೂ ಅದು ಹೋಗಬಹುದು. ಅದಕ್ಕೇ ನಾವು ಒಂದು ಸೂಜಿಯ ಚಿತ್ರ ಬರೆದು ಕೆಂಪು ಬಟ್ಟೆ ಕಟ್ಟುತ್ತೇವೆ.

ಕೈಯಲ್ಲಿ ಒತ್ತುವ ಸೂಜಿ ಕಟ್ಟರ್ ಕೂಡ ಸಿಗುತ್ತದೆ. ಸಿರಿಂಜ್ ಬಳಸುವವರಿಗೆ ಅದು ಉಪಯೋಗ, ಸೂಜಿ ಕತ್ತರಿಸಿ ಒಳಗೇ ಇಟ್ಟುಕೊಳ್ಳುತ್ತದೆ, ಉಳಿದ ಸಿರಿಂಜನ್ನು ಮತ್ತೆ ಯಾರೂ ಬಳಸಲಾಗದು. ಪೆನ್ ಬಳಸುವವರಿಗೆ ಸುಮ್ನೆ ಖರ್ಚು, ಬಾಟಲಿಯೇ ಸಾಕು.

ತುಂಬಿದ ಬಾಟಲಿ ಎಲ್ಲಿ ಕೊಡುವುದು? ಇದರಲ್ಲಿ ನನ್ನ ಮೊದಲ ಆಯ್ಕೆ ಆಸ್ಪತ್ರೆ. ಪ್ರತಿ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ ತನ್ನ ಸೂಜಿಗಳನ್ನು ಬಿಳಿ, ತೂತಾಗದ ಡಬ್ಬಿಯಲ್ಲಿ ಹಾಕಿ ಜೈವಿಕ ವೈದ್ಯಕೀಯ ತ್ಯಾಜ್ಯದ ಗಾಡಿಗೆ ಕೊಡಬೇಕು ಎಂದು 2016ರ ನಿಯಮ ಇದೆ. ನಿಮ್ಮ ಬಾಟಲಿಯೂ ಆ ದಾರಿ ಹಿಡಿದರೆ ಒಳ್ಳೆಯದು. ತಿಂಗಳ ತಪಾಸಣೆಗೆ ಹೋದಾಗ ಸಿಸ್ಟರ್ ಹತ್ತಿರ 'ಅಕ್ಕಾರೆ, ಮನೆಯ ಇನ್ಸುಲಿನ್ ಸೂಜಿ ತಂದರೆ ತಗೊಳ್ತೀರಾ' ಎಂದು ಮೊದಲೇ ಕೇಳಿ. ಒಂದು ಕಡೆ ಬೇಡ ಎಂದರೆ ಇನ್ನೊಂದು ಕಡೆ ಕೇಳಿ. ನಮಗೆ ಮೂರನೆಯ ಕಡೆ ಒಪ್ಪಿದರು. ದೂರದ ಹಳ್ಳಿಯವರು ಆಶಾ ಅಕ್ಕನನ್ನು ಕೇಳಬಹುದು.

ಎರಡನೆಯದು ನಗರಸಭೆ, ಪಾಲಿಕೆ. 2016ರ ಘನತ್ಯಾಜ್ಯ ನಿಯಮಗಳಲ್ಲೇ ಮನೆಯ ಬಳಸಿದ ಸೂಜಿ, ಸಿರಿಂಜುಗಳನ್ನು 'ಮನೆಯ ಅಪಾಯಕಾರಿ ಕಸ' ಎಂದು ಕರೆದಿದ್ದರು, ಅದನ್ನು ಬೇರೆಯಾಗಿ ಪಡೆಯಲು 20 ಚದರ ಕಿಲೋಮೀಟರಿಗೆ ಒಂದು ಕೇಂದ್ರ ಮಾಡಬೇಕು ಎಂದು ಹೇಳಿದ್ದರು. ನಿಮ್ಮ ವಾರ್ಡಿನ ಸದಸ್ಯರನ್ನು ಆ ಕೇಂದ್ರ ಎಲ್ಲಿದೆ ಎಂದು ಕೇಳುವ ಹಕ್ಕು ನಿಮಗಿದೆ. ಗಾಡಿಗೇ ಕೊಡಬೇಕಾಗಿ ಬಂದರೆ ಬುಟ್ಟಿಯಲ್ಲಿ ಹಾಕಬೇಡಿ. ಕೈಯಲ್ಲಿ ಕೊಟ್ಟು, ಬಾಯಿಬಿಟ್ಟು ಹೇಳಿ.

ಮಾಡಲೇಬಾರದ ನಾಲ್ಕಿವೆ. ಸುಡುವುದು: ಒಲೆಯ ಬೆಂಕಿಗೆ ಸೂಜಿ ಹೋಗುವುದಿಲ್ಲ, ಪ್ಲಾಸ್ಟಿಕ್ಕಿನ ಹೊಗೆ ಮಾತ್ರ ನಿಮ್ಮ ಎದೆಗೆ. ಪಾಯಿಖಾನೆಗೆ ಹಾಕುವುದು: ಗುಂಡಿ ತುಂಬಿದಾಗ ತೆಗೆಯಲು ಬರುವವರೂ ಮನುಷ್ಯರೇ. ಕಾಲುವೆಗೆ ಎಸೆಯುವುದು. ಹೊಲದಲ್ಲಿ ಹೂಳುವುದು. ಈ ಕೊನೆಯ ಎರಡು ನನ್ನನ್ನು ಬಹಳ ಹೆದರಿಸುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಗಂಗಾವತಿಯಿಂದ ಸಿಂಧನೂರು, ಮಾನ್ವಿ ಕಡೆಗೆ ಭತ್ತದ ಗದ್ದೆಗಳಿಗೆ ಹೋಗುತ್ತದೆ. ಆ ಕೆಸರಿನಲ್ಲಿ ನಮ್ಮ ಹೆಣ್ಣುಮಕ್ಕಳು ಬರಿಗಾಲಲ್ಲಿ, ಬರಿಗೈಯಲ್ಲಿ ಇಡೀ ದಿನ ನಾಟಿ ಮಾಡುತ್ತಾರೆ. ಹೂತ ಸೂಜಿಯೂ ಮುಂದಿನ ಉಳುಮೆಗೆ ಮೇಲೆ ಬರುತ್ತದೆ.

ಉಳಿದ ಸಣ್ಣಪುಟ್ಟ

ಶುಗರ್ ನೋಡಲು ಬೆರಳು ಚುಚ್ಚುವ ಲ್ಯಾನ್ಸೆಟ್ ಕೂಡ ಸೂಜಿಯೇ, ಅದೂ ಬಾಟಲಿಗೆ. ಶುಗರ್ ಅಳೆಯಲು ತೋಳಿಗೆ ಅಂಟಿಸುವ 14 ದಿನದ ಸೆನ್ಸರ್ ಬಳಸುವವರು ಅದನ್ನು ಕೂರಿಸುವ ಸಾಧನದೊಳಗೆ ಸೂಜಿ ಇರುವುದನ್ನು ಮರೆಯಬಾರದು. ಬಳಸಿದ ಸ್ಟ್ರಿಪ್, ರಕ್ತ ಒರೆಸಿದ ಹತ್ತಿಯನ್ನು ಪೇಪರಿನಲ್ಲಿ ಸುತ್ತಿ ಡೈಪರ್, ಪ್ಯಾಡ್ ಹಾಕುವ ಕಸಕ್ಕೆ ಹಾಕಿ, ಹಸಿ ಕಸಕ್ಕಲ್ಲ. ಹೊಸ ಸ್ಟ್ರಿಪ್ ಡಬ್ಬಿಯ ಮುಚ್ಚಳ ತಕ್ಷಣ ಮುಚ್ಚಿ, ತೇವ ತಾಗಿದರೆ ಅಂಕಿ ತಪ್ಪು ಬರುತ್ತದೆ. ಮೀಟರಿನ ಗುಂಡಿ ಬ್ಯಾಟರಿ ಮಕ್ಕಳ ಕೈಗೆ ಸಿಗಬಾರದು, ನುಂಗಿದರೆ ಗಂಟಲು ಸುಡುತ್ತದೆ.

ಒಂದೇ ಮನೆಯಲ್ಲಿ ಇಬ್ಬರಿದ್ದರೆ ಸೂಜಿ ಬಾಟಲಿ ಒಂದೇ ಸಾಕು, ಆದರೆ ಪೆನ್ ಒಂದೇ ಸಾಲದು. ಸೂಜಿ ಬದಲಿಸಿದರೂ ಸಾಲದು. ಚುಚ್ಚಿದಾಗ ಒಂದಿಷ್ಟು ರಕ್ತ ಹಿಂದಕ್ಕೆ ಕಾರ್ಟ್ರಿಡ್ಜಿನೊಳಗೆ ಹೋಗಿರಬಹುದು. ಅಪ್ಪ ಇನ್ಸುಲಿನ್ ಶುರು ಮಾಡಿದ ವಾರವೇ ಅವ್ವ ತನ್ನ ಪೆನ್ನಿಗೆ ಹಸಿರು ದಾರ, ಅಪ್ಪನದಕ್ಕೆ ಹಳದಿ ದಾರ ಕಟ್ಟಿದಳು. ಫ್ರಿಜ್ಜಿನ ಬಾಗಿಲಲ್ಲಿ ಎರಡು ಬೇರೆ ಡಬ್ಬಿ. ಕೆಂಪು ಬಟ್ಟೆ ಕಟ್ಟಿದ ಬಾಟಲಿ ಮೇಲಿನ ಗೂಡಿನಲ್ಲಿ ಇದೆ. ಮುಕ್ಕಾಲು ತುಂಬಿದೆ, ಬರುವ ಸೋಮವಾರ ತಪಾಸಣೆಗೆ ಹೋಗುವಾಗ ಚೀಲಕ್ಕೆ ಹಾಕಬೇಕು.